ಉಜ್ಜಿದರೆ ಹೋಗದ್ದು

ಜಡೆ ಎತ್ತು ಅಂದೆ.
ಎತ್ತಿದಳು ಯಾರೆತ್ಸಿ, ಎರಡೂ ಕೈಯಲ್ಲಿ, ತಲೆ ತಗ್ಗಿಸಿ,
ಕದ್ದದ್ದನ್ನು ಒಪ್ಪಿಕೊಳ್ಳುವವಳ ಹಾಗೆ.

ಕತ್ತಿನ ಸುತ್ತ ಕಪ್ಪು.
ಮಖಮಲ್ಲಿನಂತೆ ದಪ್ಪ, ಮಡಿಕೆ ಮಡಿಕೆ.
ಅಂಚಿನಲ್ಲಿ ತರಚಿ ಕೆಂಪಾದ ಗೆರೆ.
ನಾನು ಬಾಯಿ ತೆರೆಯುವ ಮೊದಲೇ ಅಂದಳು:
"ದಿನಾ ಉಜ್ತೀನಿ ಮಿಸ್. ಅಜ್ಜಿ ನಿಂಬೆಹಣ್ಣು ಹಿಂಡಿ
ಬಾಣಲೆ ತಿಕ್ಕೋ ನಾರಲ್ಲೇ ತಿಕ್ತಾಳೆ.
ನಾನು ಸ್ನಾನ ಮಾಡ್ತೀನಿ ಮಿಸ್. ಕೊಳೆ ಅಲ್ಲ ಇದು."

ಗೊತ್ತು ಮಗಳೇ.
ಕೊಳೆಯಾಗಿದ್ದರೆ ಎಷ್ಟು ಚೆನ್ನಾಗಿತ್ತು.

ಟೆಕ್ಸಸ್ಸಿನ ತೀರಾ ಕೆಳತುದಿ ಇದು, ನದಿ ದಾಟಿದರೆ ಇನ್ನೊಂದು ದೇಶ.
ಇವಳ ಕೇರಿಗೆ ನಕ್ಷೆಯಲ್ಲಿ ಹೂವಿನ ಹೆಸರಿನ ಬೀದಿಗಳು,
ನೆಲದ ಮೇಲೆ ಬರೀ ಕೆಸರು.
ನಲ್ಲಿಯಲ್ಲಿ ಬರುವುದು ಚಹಾ ಬಣ್ಣದ ನೀರು.
ಮೂಲೆ ಅಂಗಡಿಯಲ್ಲಿ ನೀರಿನ ಬಾಟಲಿಗಿಂತ
ಕಿತ್ತಳೆ ಸೋಡಾ ನಲವತ್ತು ಸೆಂಟು ಅಗ್ಗ.
ಲೆಕ್ಕದಲ್ಲಿ ಜಾಣೆ ಇವಳು, ತರಗತಿಗೇ ಮೊದಲು.

ದಿನಕ್ಕೊಂದು ಗಂಟೆ ನಡೆಯಬೇಕು ಎನ್ನುತ್ತದೆ ನನ್ನ ಕೈಪಿಡಿ,
ಬಣ್ಣದ ಚಿತ್ರವೂ ಇದೆ: ಮರ, ಕಾಲುದಾರಿ, ನಗುವ ಕುಟುಂಬ.
ಇಲ್ಲಿ ಕಾಲುವೆ ದಂಡೆಗೆ ಬಿಡಾಡಿ ನಾಯಿಗಳದೇ ಕಾವಲು,
ರಸ್ತೆಗೆ ಬಂದರೆ ಟ್ರಕ್ಕು ನಿಧಾನವಾಗುತ್ತದೆ, ಕಿಟಕಿ ಇಳಿಯುತ್ತದೆ.
ಹದಿನಾಲ್ಕರ ಹುಡುಗಿ ಒಳಗೇ ಇರಲಿ ಅನ್ನುತ್ತಾಳೆ ತಾಯಿ.
ಬೆಳಗಿನ ಮೂರಕ್ಕೆ ಈರುಳ್ಳಿ ಶೆಡ್ಡಿಗೆ ಹೊರಟ ತಾಯಿ
ಕೂಸನ್ನು ಇವಳ ಮಗ್ಗುಲಿಗೆ ಸರಿಸಿ ಹೋಗುತ್ತಾಳೆ.
ಆಮೇಲೆಲ್ಲಿಯ ನಿದ್ದೆ.
ನಿದ್ದೆಗೆ ನನ್ನ ಫಾರಮ್ಮಿನಲ್ಲಿ ಜಾಗವಿಲ್ಲ.

ತೋಳಿಗೆ ಮಕ್ಕಳ ಪಟ್ಟಿ ಸುತ್ತಿದೆ.
ಚರ್ರೆಂದು ಬಿಚ್ಚಿಕೊಂಡಿತು.
ಪಕ್ಕದ ಬೆಂಚಿನ ಹುಡುಗ ನಕ್ಕ, ಅವನನ್ನು ಹೊರಗೆ ಅಟ್ಟಿದೆ,
ದೊಡ್ಡವರ ಪಟ್ಟಿ ತಂದೆ.
ಅದು ಉಬ್ಬುವಾಗ ಅವಳು ಗೋಡೆ ನೋಡುತ್ತಿದ್ದಳು.
ನೂರಾ ನಲವತ್ತೆರಡು.
ಮತ್ತೆ ನೋಡಿದೆ. ನೂರಾ ನಲವತ್ತು.

"ಅಪ್ಪನಿಗೂ ಇತ್ತು," ಅಂದಳು, ಹವಾಮಾನ ಹೇಳುವ ಹಾಗೆ.
ಹೊಲದಂಚಿನಲ್ಲಿ ನೀರು ಕುಡಿಯಲು ಕೂತವನು
ಮತ್ತೆ ಏಳಲಿಲ್ಲವಂತೆ, ಮೂವತ್ತೊಂಬತ್ತಕ್ಕೆ.
ಅಜ್ಜಿಯ ಎಡಗಾಲಿನ ಚಪ್ಪಲಿ ಇನ್ನೂ ಬಾಗಿಲಲ್ಲಿದೆಯಂತೆ,
ಎಸೆಯಲು ಬಿಡುವುದಿಲ್ಲವಂತೆ, ಜೋಡಿ ಮುರಿಯಬಾರದೆಂದು.

ಹೃದಯ ಎಂದರೆ ಈ ವಯಸ್ಸಿನವರಿಗೆ
ನೋಟ್‌ಬುಕ್ಕಿನ ಹಿಂಪುಟದಲ್ಲಿ ಬಾಣ ನೆಟ್ಟ ಚಿತ್ರ.
ಅದು ಸ್ನಾಯು, ಸುಸ್ತಾಗುತ್ತದೆ ಎಂದು
ಹೇಗೆ ಹೇಳಲಿ, ಯಾವ ದನಿಯಲ್ಲಿ?

ಅವಳ ಚಿಂತೆಯೇ ಬೇರೆ.
ಮೇ ತಿಂಗಳಲ್ಲಿ ಹದಿನೈದು ತುಂಬುತ್ತದೆ, ಇಗರ್ಜಿ, ಕುಣಿತ, ಬಾಡಿಗೆ ಗೌನು.
"ಕತ್ತು ಮುಚ್ಚೋ ಗೌನು ಸಿಗುತ್ತಾ ಮಿಸ್? ಎಲ್ಲಾ ಹೆಗಲು ಬಿಟ್ಟದ್ದೇ."

ಪತ್ರ ಬರೆದೆ, ಎರಡು ಭಾಷೆಯಲ್ಲಿ, ಮಾಮೂಲಿ ಪತ್ರ:
ದಯವಿಟ್ಟು ನಿಮ್ಮ ಮಗಳನ್ನು ವೈದ್ಯರಿಗೆ ತೋರಿಸಿ.
ವೈದ್ಯರ ಬಾಗಿಲು ತೆರೆಯಲು ತೊಂಬತ್ತು ಡಾಲರ್ ಎಂದು ಅದರಲ್ಲಿಲ್ಲ.
ಕಳೆದ ವರ್ಷದವು ಕೆಲವು ಮೈದಾನದಲ್ಲಿ ಸಿಕ್ಕಿದ್ದವು,
ಚೆನ್ನಾಗಿ ಮಡಚಿದ ದೋಣಿಗಳು.

ಮಡಚಿ ಕೊಟ್ಟೆ. ಹೋಗಲಿಲ್ಲ.
ಪಟ್ಟಿ ಕೈಗೆತ್ತಿಕೊಂಡು, "ನಿಮ್ಮದು ನೋಡಲಾ ಮಿಸ್? ಕಲಿತೆ ಈಗ."
ನಗುತ್ತಾ ತೋಳು ಚಾಚಿದೆ, ನನ್ನ ಕಾಲರು ಜಾರಿತು.
ಅವಳು ಕಂಡಳು. ಏನೂ ಅನ್ನಲಿಲ್ಲ.
ಗುಂಡಿ ಒತ್ತಿದಳು, ತುಟಿ ಅಲುಗಿಸುತ್ತಾ ಅಂಕಿ ಓದಿದಳು,
ನನ್ನ ಪೆನ್ನಿನಿಂದಲೇ ಖಾಲಿ ಫಾರಮ್ಮಿನಲ್ಲಿ ಬರೆದಳು,
ದುಂಡಗೆ:
ನೂರಾ ಐವತ್ತೆಂಟು.

"ಈ ಪತ್ರ ಯಾರ ಮನೆಗೆ ಕಳಿಸೋದು ಮಿಸ್?"

ಬೆಲ್ಲು ಹೊಡೆಯಿತು.
ಹೊರಗೆ ಸಾಲಿನಲ್ಲಿ ಇನ್ನೂ ಹನ್ನೊಂದು ಜಡೆ.